ಹೂಂ ಅನ್ನಲು ಸಮುದ್ರ ದಾಟಿದ್ದು

ತುರ್ವಿಹಾಳದ ಮಾಳಿಗೆ

ಪರದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಸೇತುವೆ, ಅರಮನೆ, ಹಿಮ ಇವುಗಳ ಬಗ್ಗೆ ಬರೆಯುತ್ತಾರೆ. ನಾನು ತೊಂಬತ್ತರ ದಶಕದ ಆರಂಭದಲ್ಲಿ ಒಂದು ವರ್ಷ ಸ್ಕಾಟ್ಲೆಂಡಿನಲ್ಲಿದ್ದು ಬಂದವನು. ಅರಮನೆಯನ್ನು ಹೊರಗಿನಿಂದ ನೋಡಿದೆ, ಹಿಮದಲ್ಲಿ ಜಾರಿ ಬಿದ್ದೆ, ಸೇತುವೆಯ ಮೇಲೆ ಟೋಪಿ ಹಾರಿಹೋಯಿತು. ಇಷ್ಟಕ್ಕೆ ಯಾರೂ ಪ್ರವಾಸ ಕಥನ ಬರೆಯಬಾರದು. ಆದರೆ ಅಲ್ಲಿಗೆ ನಾನು ಯಾಕೆ ಹೋದೆ, ಹೋಗಿ ಹೇಗೆ ಸಿಕ್ಕಿಬಿದ್ದೆ ಎಂಬುದು ಹೇಳುವಂಥದ್ದಿದೆ. ಅದನ್ನು ವಿಮಾನದಿಂದಲ್ಲ, ಸಿಂಧನೂರು ತಾಲೂಕಿನ ತುರ್ವಿಹಾಳದಲ್ಲಿದ್ದ ನಮ್ಮ ಮಣ್ಣಿನ ಮಾಳಿಗೆಯ ಮೇಲಿಂದ ಶುರು ಮಾಡಬೇಕು.

ನಮ್ಮದು ತುಂಬಿದ ಮನೆ. ರಾತ್ರಿ ಊಟವಾದ ಮೇಲೆ ಮಕ್ಕಳೆಲ್ಲ ಮಾಳಿಗೆ ಹತ್ತಿ ಕೌದಿ ಹಾಸಿಕೊಂಡು ಮಲಗುತ್ತಿದ್ದೆವು. ನಮ್ಮ ದೊಡ್ಡವ್ವ, ಅಂದರೆ ದೊಡ್ಡಪ್ಪನ ಹೆಂಡತಿ, ಕಥೆ ಹೇಳುತ್ತಿದ್ದಳು. ಗುರುಗುಂಟಾದಿಂದ ಈ ಮನೆಗೆ ಸೊಸೆಯಾಗಿ ಬಂದವಳು ಅವಳು. ತನ್ನ ತವರೂರಿನ ದೇವರ ಹೆಸರನ್ನೇ ನನಗೆ ಅಮರೇಶ ಎಂದು ಇಡಿಸಿದವಳೂ ಅವಳೇ. ನಮ್ಮ ಕಡೆ ಕಥೆ ಹೇಳಲು ಒಬ್ಬರು ಸಾಲದು. ಹೇಳುವವರ ಒಂದೊಂದು ಮಾತಿಗೂ 'ಹೂಂ' ಅನ್ನಲು ಇನ್ನೊಬ್ಬರು ಬೇಕು. ಹೂಂ ನಿಂತರೆ ಕಥೆ ನಿಂತಿತು. ನನ್ನ ಗಂಟಲು ದೊಡ್ಡದಿತ್ತು ಎಂಬ ಒಂದೇ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ಬೇರೆ ಯಾರಾದರೂ ನಡುವೆ ಬಾಯಿ ಹಾಕಿದರೆ ದೊಡ್ಡವ್ವ ಒಪ್ಪುತ್ತಿರಲಿಲ್ಲ. ಎರಡು ಬಾಯಿ ಹೂಂ ಅಂದರೆ ಕಥೆ ದಾರಿ ತಪ್ಪುತ್ತದೆ ಅನ್ನುತ್ತಿದ್ದಳು.

ಸಣ್ಣ ಕಥೆಗಳು ಹೇಗೋ ಮುಗಿಯುತ್ತಿದ್ದವು. ದೊಡ್ಡ ಕಥೆಗಳಲ್ಲಿ ಮಾತ್ರ ನನ್ನ ಬಂಡವಾಳ ಬಯಲಾಗುತ್ತಿತ್ತು. ಅರ್ಧಕ್ಕೆ ಬರುವಷ್ಟರಲ್ಲಿ ನನ್ನ ಹೂಂ ಮೆತ್ತಗಾಗಿ, ಗೊರಕೆಯಾಗಿ ಬದಲಾಗುತ್ತಿತ್ತು. ಆಗ ದೊಡ್ಡವ್ವ ಎಲ್ಲರಿಗೂ ಕೇಳುವಂತೆ ತೀರ್ಪು ಕೊಡುತ್ತಿದ್ದಳಂತೆ: "ಹೂಂ ಅನ್ನಾಂವ ಮಕ್ಕೊಂಡ. ಕಥಿನೂ ಮಕ್ಕೊಂತು. ನಡೀರಿ, ನೀವೂ ಮಕ್ಕೋರಿ." ಮರುದಿನ ನನ್ನ ಅಣ್ಣತಮ್ಮಂದಿರು ನನ್ನನ್ನು ಬಡಿಯುತ್ತಿದ್ದರು. ರಾತ್ರಿ ಕಥೆ ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ನಾನು ಮತ್ತೆ ಅಲ್ಲಿಗೇ ಬಂದು ಮಲಗುತ್ತಿದ್ದೆ.

ಮಸ್ಕಿಯಲ್ಲಿ ಬ್ಯಾಂಡು

ದೊಡ್ಡವನಾಗಿ ನಾನು ಮಸ್ಕಿಯಲ್ಲಿ ಮನೆ ಮಾಡಿದೆ. ಲಿಂಗಸುಗೂರಿನ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಮಕ್ಕಳಿಗೆ ಕಥೆಯ ಮೂಲಕ ಕಲಿಸಬೇಕು ಎಂದು ಮುಂದಿನ ಮೇಷ್ಟ್ರುಗಳಿಗೆ ಕಲಿಸುವುದು ನನ್ನ ಕೆಲಸ. ಅದನ್ನು ನೋಟ್ಸ್ ಬರೆಸಿ ಕಲಿಸುತ್ತಿದ್ದೆನೇ ಹೊರತು ಒಂದು ದಿನವೂ ಕಥೆ ಹೇಳಿದವನಲ್ಲ. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಮಾತು ನನಗಾಗಿಯೇ ಹುಟ್ಟಿದ್ದಿರಬೇಕು.

ಅಂಥವನಿಗೆ ಪರದೇಶದಲ್ಲಿ ಸಂಶೋಧನೆ ಮಾಡುವ ವಿದ್ಯಾರ್ಥಿವೇತನ ಸಿಕ್ಕಿತು. ಸಂದರ್ಶನದಲ್ಲಿ ನಿಮ್ಮ ಮನೆಯಲ್ಲಿ ಕಥೆ ಹೇಳುತ್ತಿದ್ದರೇ ಎಂದು ಕೇಳಿದರು. ದಿನಾ ರಾತ್ರಿ ಎಂದೆ. ಯಾರು ಹೇಳುತ್ತಿದ್ದರು, ನೀವು ಏನು ಮಾಡುತ್ತಿದ್ದಿರಿ ಎಂದು ಅವರು ಕೇಳಲಿಲ್ಲ. ಕೇಳದ್ದನ್ನು ಹೇಳುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ.

ವಿಷಯದ ಹೆಸರು 'ಶಿಕ್ಷಣ ಮತ್ತು ಮಾನವ ವಿಕಾಸದಲ್ಲಿ ಕಥನದ ಪಾತ್ರ'. ಅಷ್ಟುದ್ದದ ಹೆಸರನ್ನು ಮಸ್ಕಿ ಬಸ್ ನಿಲ್ದಾಣದಲ್ಲಿ ಯಾರೂ ಪೂರ್ತಿ ಹೇಳಲಿಲ್ಲ. ಮೇಷ್ಟ್ರು ಲಂಡನ್ನಿಗೆ ಕಥೆ ಹೇಳಲು ಹೊರಟಿದ್ದಾರೆ ಎಂದು ಸುದ್ದಿಯಾಯಿತು. ಮದುವೆಯ ಬ್ಯಾಂಡಿನವರು ಆ ದಿನ ಖಾಲಿ ಇದ್ದುದರಿಂದ ಅವರನ್ನೂ ಕರೆತಂದರು. ಹಾರ ಹಾಕಿಸಿಕೊಂಡು ಬಸ್ಸಿನ ಕಿಟಕಿಯಲ್ಲಿ ಕೂತಾಗ ನನಗೆ ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಇಷ್ಟು ಜನರ ಮುಂದೆ ಬರಿಗೈಯಲ್ಲಿ ವಾಪಸು ಇಳಿಯುವುದು ಹೇಗೆ ಎಂದು ಅಲ್ಲಿಂದಲೇ ಯೋಚನೆ ಹತ್ತಿತು.

ತುರ್ವಿಹಾಳಕ್ಕೆ ಹೋಗಿ ದೊಡ್ಡವ್ವನಿಗೆ ನಮಸ್ಕಾರ ಮಾಡಿ ಬಂದಿದ್ದೆ. ಅವಳು ಖಡಕ್ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಕಟ್ಟಿಕೊಟ್ಟಿದ್ದಳು. ಪರದೇಶದ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿಯೊಬ್ಬ ಆ ರೊಟ್ಟಿಯ ಕಟ್ಟನ್ನು ಬೆರಳಿನಿಂದ ಟಕಟಕ ಬಡಿದು, ಇದು ಯಾವ ಮರದ್ದು ಎಂದು ಕೇಳಿದ. ತಿನ್ನುವ ವಸ್ತು ಎಂದೆ. ನಂಬಲಿಲ್ಲ. ಕೊನೆಗೆ ಒಂದನ್ನು ಮುರಿದು ಅವನೆದುರಿಗೇ ಕಟಂ ಕಟಂ ಎಂದು ತಿಂದು ತೋರಿಸಬೇಕಾಯಿತು. ಹಿಂದಿನ ಸಾಲು ಅಷ್ಟೂ ಹೊತ್ತು ಸದ್ದಿಲ್ಲದೆ ಕಾದು ನಿಂತಿತ್ತು. ನಮ್ಮಲ್ಲಾಗಿದ್ದರೆ ಆ ಸಾಲಿನವರು ಆಗಲೇ ಅರ್ಧ ರೊಟ್ಟಿ ಮುಗಿಸಿರುತ್ತಿದ್ದರು.

ಮೊದಲ ಪಾಠ

ನಾನಿದ್ದದ್ದು ಪೂರ್ವ ಕರಾವಳಿಯ ಒಂದು ಸಣ್ಣ ಊರು. ಊರು ಬೂದಿ ಬಣ್ಣ, ಸಮುದ್ರ ಬೂದಿ ಬಣ್ಣ, ಆಕಾಶವೂ ಅದೇ. ರಾಯಚೂರು ಜಿಲ್ಲೆಯ ಬಿಸಿಲಲ್ಲಿ ಬೆಳೆದ ನನಗೆ ಸೂರ್ಯ ಎಂಬವನೊಬ್ಬ ಇದ್ದ ಎನ್ನುವುದೇ ಕ್ರಮೇಣ ಮರೆಯುತ್ತ ಬಂತು. ಜನ ಮಾತ್ರ ಎಲ್ಲದಕ್ಕೂ ಉಪಕಾರ ಸ್ಮರಣೆ ಮಾಡುವವರು. ಬಸ್ಸಿಳಿಯುವಾಗ ಚಾಲಕನಿಗೆ ಥ್ಯಾಂಕ್ಸ್ ಹೇಳುತ್ತಾರೆ. ಹಾಗೆ ಹೇಳುವಷ್ಟು ಪುರಸೊತ್ತನ್ನು ನಮ್ಮ ಬಸ್ಸುಗಳು ಯಾರಿಗೂ ಕೊಟ್ಟಿಲ್ಲ. ಅಲ್ಲಿ ಇಳಿಯುವವರು ಇಳಿದ ಮೇಲೆಯೇ ಹತ್ತುವವರು ಹತ್ತುತ್ತಾರೆ. ಮೊದಲ ದಿನ ನಾನು ಸಿಂಧನೂರಿನ ಅಭ್ಯಾಸದಂತೆ ಟವೆಲ್ ಹಿಡಿದು, ಒಳಗೆ ಒಗೆದು ಸೀಟು ಹಿಡಿಯಲು ಬಸ್ಸಿನ ತೆರೆದ ಕಿಟಕಿ ಹುಡುಕಿದೆ. ಅಲ್ಲಿನ ಬಸ್ಸಿಗೆ ತೆರೆಯುವ ಕಿಟಕಿ ಇರಲಿಲ್ಲ. ಒಳಗೆ ಹತ್ತಿ ನೋಡಿದರೆ ಇಡೀ ಬಸ್ಸೇ ಖಾಲಿ ಇತ್ತು.

ನನ್ನ ಮಾರ್ಗದರ್ಶಕಿ ಹೆಲೆನ್. ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ನಗುವುದು ಕಡಿಮೆ. ಬರಿಯ ಹೆಲೆನ್ ಎಂದು ಕರೆ ಎಂದರು. ಗುರುಗಳನ್ನು ಹೆಸರು ಹಿಡಿದು ಕರೆದರೆ ನಾಲಗೆ ಬಿದ್ದುಹೋಗುತ್ತದೆ ಎಂದು ನಂಬಿದವನು ನಾನು. ವರ್ಷವಿಡೀ ಹೆಲೆನ್ ಮೇಡಂ ಎಂದೇ ಕರೆದೆ. ಅವರೂ ಬೇಸತ್ತು ಬಿಟ್ಟುಬಿಟ್ಟರು.

ಅವರ ಮೊದಲ ಪಾಠಕ್ಕೆ ಮುಂದಿನ ಸಾಲಿನಲ್ಲಿ ಕೂತೆ. ಹೆಲೆನ್ ಮೇಡಂ ತಮ್ಮ ಕಡೆಯ ಒಂದು ಹಳೆಯ ಮೀನುಗಾರರ ಕಥೆಯಿಂದ ಶುರು ಮಾಡಿದರು. ಒಂದು ವಾಕ್ಯ ಮುಗಿಯಿತು. "ಹೂಂ," ಅಂದೆ. ಮಾಳಿಗೆಯ ಮೇಲೆ ತಯಾರಾದ ಗಂಟಲು, ಕೋಣೆ ತುಂಬ ಕೇಳಿಸಿತು. ಅವರು ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಮುಂದುವರಿಸಿ ಎನ್ನುವಂತೆ ನೋಡಿದೆ. ಎರಡನೆಯ ವಾಕ್ಯ, ಎರಡನೆಯ ಹೂಂ. ಪ್ರಶ್ನೆ ಇದೆಯೇ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಶುರು ಮಾಡಿದರು, ನಾನೂ ಮಾಡಿದೆ. ಬಾಯಿ ನನ್ನ ಮಾತು ಕೇಳುತ್ತಿರಲಿಲ್ಲ. ಆ ದೇಶದಲ್ಲಿ ಪಾಠದ ನಡುವೆ ಯಾರಾದರೂ ಹೂಂಗುಟ್ಟಿದರೆ ನೀವು ಹೇಳುವುದು ನನಗೆ ನಂಬಿಕೆಯಿಲ್ಲ ಎಂಬ ಅರ್ಥ ಬರುತ್ತದೆಯಂತೆ. ಪಾಪ, ಬಂದ ಮೊದಲ ದಿನವೇ ಗುರುಗಳ ಪ್ರತಿ ವಾಕ್ಯವನ್ನೂ ಸಂಶಯಿಸುವ ಶಿಷ್ಯ ಅವರಿಗೆ ಸಿಕ್ಕಿದ್ದ.

ಪಾಠವಾದ ಮೇಲೆ ತಮ್ಮ ಕೋಣೆಗೆ ಕರೆಸಿಕೊಂಡರು. ಇಂಗು ತಿಂದ ಮಂಗನಂತೆ ನಿಂತು, ತುರ್ವಿಹಾಳದ ಮಾಳಿಗೆಯಿಂದ ಹಿಡಿದು ಎಲ್ಲ ವಿವರಿಸಿದೆ. ಅವರು ಅದನ್ನು ತಪ್ಪು ತಿಳಿಯಲಿಲ್ಲ. ಬದಲಿಗೆ ಕುರ್ಚಿ ಮುಂದಕ್ಕೆಳೆದುಕೊಂಡು ಕೂತು ಕೇಳಿದರು. ಹಾಗಾದರೆ ಇಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ನಿಮ್ಮ ಕಥೆ ಹೇಳು, ಅವರು ಹೇಗೆ ಕೇಳುತ್ತಾರೆ ನೋಡೋಣ, ನಿನ್ನ ಸಂಶೋಧನೆ ಅದೇ ಆಗಲಿ ಎಂದರು. ನಾನು ಹೂಂ ಅಂದೆ. ಅನ್ನಬಾರದಿತ್ತು.

ಶಾಲೆ

ಶಾಲೆಯ ತರಗತಿ ಮಿಸ್ ಗ್ರಾಂಟ್ ಎಂಬ ಮೇಡಂ ಅವರದು. ಎಂಟೊಂಬತ್ತು ವರ್ಷದ ಮಕ್ಕಳು ಕಾರ್ಪೆಟ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದವು. ಕಥೆ ಹೇಳುವಾಗ ಯಾರೂ ಮಾತಾಡಬಾರದು ಎಂದು ಮಿಸ್ ಗ್ರಾಂಟ್ ಅವಕ್ಕೆ ಚೆನ್ನಾಗಿ ಕಲಿಸಿದ್ದರು. ನಾನು ದೊಡ್ಡವ್ವನ ಕಥೆಗಳಲ್ಲೆಲ್ಲ ದೊಡ್ಡದಾದ ಬಾವಿಯ ಕಥೆ ಆರಿಸಿಕೊಂಡೆ.

ಕಥೆ ಇಷ್ಟು. ನೀರಿಲ್ಲದ ಒಂದು ಊರಿನಲ್ಲಿ ತಾಯಿ, ಮಗಳು. ಮಗಳು ಪಾತಾಳದಂಥ ಬಾವಿಯಲ್ಲಿ ನೀರು ಸೇದುವಾಗ ತಾಮ್ರದ ಕೊಡ ಬಿದ್ದುಹೋಗುತ್ತದೆ. ತಾಯಿ ಮಗಳನ್ನೇ ಹಗ್ಗದಲ್ಲಿ ಇಳಿಬಿಡುತ್ತಾಳೆ. ಮೂರು ಸಲ ಹಗ್ಗ ಅಲ್ಲಾಡಿಸುತ್ತೇನೆ, ಮೂರನೆಯ ಸಲಕ್ಕೆ ಎಳೆದುಬಿಡುತ್ತೇನೆ, ಮತ್ತೆ ಹಗ್ಗ ಬಿಡುವುದಿಲ್ಲ ಎನ್ನುತ್ತಾಳೆ. ಮಗಳು ಇಳಿದು ನೋಡಿದರೆ ಬಾವಿಯ ತಳದಲ್ಲಿ ಇನ್ನೊಂದು ಊರು. ಅದೇ ಓಣಿ, ಅದೇ ಬೇವಿನ ಮರ, ಅದೇ ಮನೆ. ಆದರೆ ನೀರು, ಹಸಿರು ತುಂಬಿದೆ. ಮನೆಯ ನಾಯಿ ಅವಳನ್ನು ನೋಡಿ ಬೊಗಳುತ್ತದೆ. ಒಲೆಯ ಮುಂದೆ ಕೂತ ಹೆಂಗಸಿಗೆ ಅವಳ ತಾಯಿಯದೇ ಮುಖ. ಆ ಹೆಂಗಸು, ಯಾರವ್ವಾ ನೀನು, ಹಸಿದು ಬಂದಿದ್ದೀ, ಉಂಡು ಹೋಗು ಎಂದು ತಟ್ಟೆ ಇಡುತ್ತಾಳೆ. ಒಂದು ಸಲ ಹಗ್ಗ ಅಲ್ಲಾಡುತ್ತದೆ. ಮಗಳು ತುತ್ತು ಎತ್ತುತ್ತಾಳೆ. ಎರಡನೆಯ ಸಲ ಅಲ್ಲಾಡುತ್ತದೆ.

ಇಷ್ಟು ಹೇಳುವುದರಲ್ಲಿ ಬೆವತು ನೀರಾದೆ. ಒಂದು ವಾಕ್ಯ ಹೇಳುವುದು, ಹೂಂ ಬರಲಿ ಎಂದು ಕಾಯುವುದು, ಬಾರದೆ ಗಾಬರಿಯಾಗುವುದು. ಮಕ್ಕಳು ಕಣ್ಣು ಪಿಳಿಪಿಳಿ ಬಿಡುತ್ತ ನನ್ನನ್ನೇ ನೋಡುತ್ತಿದ್ದವು. ಕೇಳುತ್ತಿದ್ದೀರಾ ಎಂದರೆ ತಲೆಯಾಡಿಸುತ್ತಿದ್ದವು. ತಲೆಯಾಡಿಸಿದರೆ ಕಥೆಗೆ ಕೇಳಿಸುವುದಿಲ್ಲ ಎಂದು ಅವಕ್ಕೆ ಹೇಳುವುದು ಹೇಗೆ? ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಮೊದಲು ಮಕ್ಕಳ ಮೇಲೆ, ಆಮೇಲೆ ಕಾರ್ಪೆಟ್ಟಿನ ಮೇಲೆ ಸಿಟ್ಟು ಬಂತು.

ಎರಡನೆಯ ಸಲ ಹಗ್ಗ ಅಲ್ಲಾಡಿದ ಮೇಲೆ ನಾನು ಪೂರ್ತಿ ನಿಂತುಬಿಟ್ಟೆ. ಹೂಂ ಇಲ್ಲದ್ದಕ್ಕಲ್ಲ. ಮುಂದಿನ ಕಥೆ ನನಗೆ ಗೊತ್ತಿರಲಿಲ್ಲ. ಬಾಲ್ಯದ ಎಲ್ಲ ರಾತ್ರಿಗಳಲ್ಲೂ ನಾನು ಮಲಗಿದ್ದು ಅಲ್ಲೇ. ಇದು ನನಗೆ ಹೊಳೆದದ್ದು ಆ ಕಾರ್ಪೆಟ್ಟಿನ ಮುಂದೆ, ಸಾವಿರಾರು ಮೈಲಿ ದೂರ ಬಂದ ಮೇಲೆ. ಕೊನೆಗೆ ಉಳಿದದ್ದು ಮುಂದಿನ ವಾರ ಎಂದೆ. ಮಕ್ಕಳು ಮೊದಲ ಸಲ ಬಾಯಿ ಬಿಟ್ಟವು. ಮಿಸ್ ಗ್ರಾಂಟ್ ಮೂರು ಸಲ ಗಂಟೆ ಬಾರಿಸಬೇಕಾಯಿತು.

ಮುಂದಿನ ವಾರ ಹೋದಾಗ ಅವುಗಳ ಹತ್ತಿರ ಅಂತ್ಯಗಳು ತಯಾರಿದ್ದವು. ಒಬ್ಬ ಕೆಳಗಿನ ನಾಯಿಯನ್ನೂ ಹಗ್ಗಕ್ಕೆ ಕಟ್ಟಿ ಮೇಲೆ ತಂದ. ಮೇಲಿನ ನಾಯಿ, ಕೆಳಗಿನ ನಾಯಿ ಕಾದಾಡಿದವು. ಇನ್ನೊಬ್ಬ ಕೆಳಗಿನ ತಾಯಿಯನ್ನೇ ಎಳೆಸಿದ. ಮತ್ತೊಬ್ಬ ಪೊಲೀಸರನ್ನು ಕರೆಸಿದ. ಐಲ್ಸಾ ಎಂಬ ಹುಡುಗಿ ಎಲ್ಲರದೂ ಮುಗಿದ ಮೇಲೆ ಹೇಳಿದಳು. ಮಗಳು ಕೆಳಗೇ ಉಳಿಯುತ್ತಾಳೆ, ಆದರೆ ತಾಮ್ರದ ಕೊಡದ ತುಂಬ ಬಿಸಿ ಸೂಪು ತುಂಬಿ ಹಗ್ಗಕ್ಕೆ ಕಟ್ಟುತ್ತಾಳೆ. ಮೂರನೆಯ ಸಲ ತಾಯಿ ಎಳೆದಾಗ ಬಿಸಿ ಕೊಡ ಬರುತ್ತದೆ. ಮಗಳು ಬದುಕಿದ್ದಾಳೆ ಎಂದು ತಾಯಿಗೆ ಗೊತ್ತಾಗುತ್ತದೆ. ಅಷ್ಟೇ ಎಂದು ಐಲ್ಸಾ ಕೂತುಬಿಟ್ಟಳು.

ಹೆಲೆನ್ ಮೇಡಂ ಆ ದಿನ ಮೊದಲ ಸಲ ನಕ್ಕರು. ಕಥೆಯನ್ನು ನಡುವೆ ನಿಲ್ಲಿಸಿ ಮಕ್ಕಳಿಂದಲೇ ಪೂರ್ತಿ ಮಾಡಿಸುವುದು ಬಹಳ ಒಳ್ಳೆಯ ಉಪಾಯ, ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದರು. ನಮ್ಮ ಮನೆಯ ಪದ್ಧತಿ ಎಂದೆ. ಯಾವ ವಯಸ್ಸಿನ ಮಗು ಕಥೆಯನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಮೂಲ ಕಥೆಯ ಅಂತ್ಯದ ಜೊತೆ ಹೋಲಿಸಿದರೆ ಪ್ರಬಂಧ ಸಿದ್ಧವಾಯಿತು ಎಂದರು. ಮೂಲ ಅಂತ್ಯ ಎಲ್ಲಿದೆ ಎಂದು ಕೇಳಿದರು. ಭಾರತದಲ್ಲಿದೆ ಎಂದೆ.

ಸಿಂಧನೂರಿನ ಫೋನು

ಅದು ಊರೂರಿಗೆ ಹಳದಿ ಬೋರ್ಡಿನ ಟೆಲಿಫೋನ್ ಬೂತುಗಳು ಬರುತ್ತಿದ್ದ ಕಾಲ. ಸಿಂಧನೂರಿನಲ್ಲಿ ನನ್ನ ಗೆಳೆಯ ಖಾಜಾ ಒಂದು ಬೂತು ಇಟ್ಟಿದ್ದ. ಸಣ್ಣವರಿದ್ದಾಗ ತುರ್ವಿಹಾಳದಲ್ಲಿ ನಮ್ಮ ಓಣಿಯವನೇ. ದೊಡ್ಡವ್ವನನ್ನು ಭಾನುವಾರ ಬೂತಿಗೆ ಕರೆತಾ ಎಂದು ಅವನಿಗೆ ಕಾಗದ ಬರೆದೆ. ಅವನು ತಾನೇ ತುರ್ವಿಹಾಳಕ್ಕೆ ಹೋಗಿ ಅವಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬಂದ.

ನಾನು ಸಮುದ್ರದ ದಂಡೆಯ ಕೆಂಪು ಫೋನ್ ಡಬ್ಬಿಯಲ್ಲಿ ಜೇಬು ತುಂಬ ಚಿಲ್ಲರೆ ಇಟ್ಟುಕೊಂಡು ನಿಂತೆ. ದೊಡ್ಡವ್ವ ಜೀವನದಲ್ಲಿ ಫೋನು ಹಿಡಿದವಳಲ್ಲ. ಮೊದಲು ರೊಟ್ಟಿ ಮುಗಿದವೇ ಎಂದು ಕೇಳಿದಳು. ಆಮೇಲೆ ಥಂಡಿ ಎಷ್ಟಿದೆ, ಕಿವಿಗೆ ಕಟ್ಟಿಕೊಂಡಿದ್ದೀಯಾ ಎಂದು ವಿಚಾರಿಸಿದಳು. ನಾನು ಚಿಲ್ಲರೆ ಹಾಕುತ್ತಾ, ಬಾವಿಯ ಕಥೆಯ ಕೊನೆ ಒಂದು ಹೇಳು ಸಾಕು ಎಂದು ಗೋಗರೆದೆ. ಕೊನೆ ಒಂದನ್ನೇ ಹೇಳಲು ಅದೇನು ಹರಕು ಅರಿವೆಯ ಚುಂಗೇ ಎಂದು ಬೈದು, ಮೊದಲಿಂದ ಶುರು ಮಾಡಿದಳು. ನನ್ನ ಹೂಂ ಸಮುದ್ರ ದಾಟಿ ಹೋಗಿ ಮುಟ್ಟಲು ಒಂದು ಕ್ಷಣ ಹಿಡಿಯುತ್ತಿತ್ತು. ಅಲ್ಲಿಯವರೆಗೆ ದೊಡ್ಡವ್ವ ಕಾಯುತ್ತಿದ್ದಳು. ಮಗಳು ಇನ್ನೂ ಅರ್ಧ ಬಾವಿ ಇಳಿದಿದ್ದಾಗ ನನ್ನ ಚಿಲ್ಲರೆ ಮುಗಿಯಿತು.

ಮುಂದಿನ ಭಾನುವಾರ ಹೆಲೆನ್ ಮೇಡಂ ತಮ್ಮ ಕೋಣೆಯ ಫೋನು ಕೊಟ್ಟರು. ಎದುರಿಗೆ ಕೂತು ನನ್ನ ಮುಖ ನೋಡುತ್ತಿದ್ದರು. ದೊಡ್ಡವ್ವ ಮತ್ತೆ ಮೊದಲಿಂದ ಹೇಳಿದಳು. ಕೊಡ ಬಿತ್ತು, ಹೂಂ. ಹಗ್ಗ ಇಳಿಯಿತು, ಹೂಂ. ನಾಯಿ ಬೊಗಳಿತು, ಹೂಂ. ಇಷ್ಟು ವರ್ಷದ ಮೇಲೆ ಆ ದನಿಗೆ ಹೂಂ ಅನ್ನುತ್ತಿದ್ದರೆ ಸಂಶೋಧನೆ ಗಿಂಶೋಧನೆ ಎಲ್ಲ ಮರೆತು ನನಗೆ ಸಣ್ಣ ಹುಡುಗನ ಸುಖವಾಯಿತು. ಎರಡನೆಯ ಸಲ ಹಗ್ಗ ಅಲ್ಲಾಡಿತು. ಹೂಂ ಅಂದೆ. ಆ ಕಡೆಯಿಂದ ಮಾತಿಲ್ಲ. ಹೂಂ ದೊಡ್ಡವ್ವ, ಅಂದೆ ಮತ್ತೆ.

"ಮುಂದ ನಂಗ ಗೊತ್ತಿಲ್ಲೋ ಯಪ್ಪಾ."

ಗೊತ್ತಿಲ್ಲ ಅಂದರೇನು ಎಂದು ಕೇಳಿದೆ.

"ನಮ್ಮವ್ವ ಹೇಳ್ತಿದ್ಲು, ನಾ ಹೂಂ ಅಂತಿದ್ನಿ. ಇಲ್ಲಿಗೆ ಬರೋದ್ರಾಗ ನನಗೂ ನಿದ್ದಿ ಹತ್ತತಿತ್ತು. ಎಚ್ಚರಿದ್ದು ಕೇಳೋ ವಯಸ್ಸು ಬರೋದ್ರಾಗ ಲಗ್ನ ಮಾಡಿ ತುರ್ವಿಹಾಳಕ್ಕ ಕಳಿಸಿಬಿಟ್ರು."

"ಮತ್ತ ನಮಗ್ಯಾಕ ದಿನಾ ಹೇಳ್ತಿದ್ದಿ?"

"ನೀ ಮಕ್ಕೊಂತಿ ಅಂತ ಗೊತ್ತಿತ್ತಲ್ಲ."

ಆ ಮನೆಯಲ್ಲಿ ನನ್ನ ನಿದ್ದೆಯನ್ನು ನೆಚ್ಚಿಕೊಂಡೇ ಕಥೆ ನಡೆಯುತ್ತಿತ್ತು ಎಂದು ಯಾರಿಗೆ ಗೊತ್ತಿತ್ತು? ನಗು ಬಂತು, ಹಿಂದೆಯೇ ಹೆದರಿಕೆಯೂ ಬಂತು. ನನ್ನ ಪ್ರಬಂಧ ನಿಂತಿದ್ದದ್ದು ಇಲ್ಲದ ಒಂದು ಅಂತ್ಯದ ಮೇಲೆ. ಅಷ್ಟರಲ್ಲಿ ಖಾಜಾ ಫೋನು ಇಸಿದುಕೊಂಡು ತನ್ನ ಸಲಹೆ ಕೊಟ್ಟ.

"ಲೇ ಅಮರ್ಯಾ, ನೀನ ಒಂದು ಬರದು ಮುಗಿಸಿಬಿಡಲೇ. ಅಲ್ಲಿಂದ ಯಾರು ಬಂದು ತುರ್ವಿಹಾಳದಾಗ ತಪಾಸ ಮಾಡ್ತಾರ?"

ಖಾಲಿ ಅಂಕಣ

ಖಾಜಾನ ಮಾತು ಕೇಳಬಾರದಿತ್ತು, ಕೇಳಿದೆ. ಒಂದು ವಾರ ಕೋಣೆಯ ಬಾಗಿಲು ಹಾಕಿಕೊಂಡು ಅಂತ್ಯಗಳನ್ನು ಬರೆದೆ. ಮನೆಯೊಡತಿ ಬಾಗಿಲ ಹೊರಗಿನಿಂದ, ನಿನಗೆ ಏನೂ ತೊಂದರೆ ಇಲ್ಲದಿದ್ದರೆ, ಬೇಸರವಿಲ್ಲದಿದ್ದರೆ, ಒಂದು ಕಪ್ ಚಹಾ ತರಬಹುದೇ ಎಂದು ಕೇಳುತ್ತಿದ್ದಳು. ಅವಳು ಅಷ್ಟು ಕೇಳಿ ಮುಗಿಸುವುದರಲ್ಲಿ ನಮ್ಮ ಮನೆಗಳಲ್ಲಿ ಚಹಾ ಕುಡಿದು ಕಪ್ಪು ಬಸಿ ತೊಳೆದಿಟ್ಟಿರುತ್ತಾರೆ. ನಾನು ಚಹಾ ಕುಡಿದು ಬರೆದೆ, ಹರಿದೆ, ಮತ್ತೆ ಬರೆದೆ. ತರಬೇತಿ ಕಾಲೇಜಿನ ಮೇಷ್ಟ್ರ ಕೈ ಎಲ್ಲಿಗೆ ಹೋದೀತು? ಎಲ್ಲ ಅಂತ್ಯಗಳೂ, ಆದ್ದರಿಂದ ಮಕ್ಕಳು ದೊಡ್ಡವರ ಜೊತೆಯಿಲ್ಲದೆ ಬಾವಿಯ ಹತ್ತಿರ ಹೋಗಬಾರದು ಎಂಬಲ್ಲಿಗೇ ಬಂದು ನಿಲ್ಲುತ್ತಿದ್ದವು. ಇಂಥದ್ದನ್ನು ಗುರುಗುಂಟಾದ ಒಬ್ಬ ತಾಯಿ ತನ್ನ ಮಗಳಿಗೆ ಹೇಳಿದಳು ಎಂದು ಬರೆಯಲು ನನಗೂ ನಾಚಿಕೆಯಾಯಿತು.

ಸೋತು ಹೆಲೆನ್ ಮೇಡಂ ಮುಂದೆ ಹೋಗಿ ಇದ್ದದ್ದನ್ನು ಹೇಳಿದೆ. ಮಕ್ಕಳ ಅಂತ್ಯಗಳ ಪಕ್ಕದಲ್ಲಿ ಮೂಲ ಅಂತ್ಯ ಎಂದು ಒಂದು ಅಂಕಣ ಹಾಕಿದ್ದೆವು. ಅದು ಖಾಲಿ ಇತ್ತು. ಅವರು ಅದರ ಮೇಲೆ ಬೆರಳಿಟ್ಟರು. ಆಮೇಲೆ, ಖಾಲಿ ಇದ್ದದ್ದನ್ನು ಖಾಲಿ ಎಂದೇ ತೋರಿಸು, ಯಾಕೆ ಖಾಲಿ ಎಂದು ಬರೆ ಎಂದರು. ಪರೀಕ್ಷಕರು ಒಪ್ಪುತ್ತಾರೋ ಇಲ್ಲವೋ ತಮಗೆ ಗೊತ್ತಿಲ್ಲ ಎಂದೂ ಹೇಳಿದರು. ಆ ರಾತ್ರಿಗಳಲ್ಲಿ ಮಸ್ಕಿಯ ಬ್ಯಾಂಡು ಕನಸಿನಲ್ಲಿ ಬಂದು ಬಾರಿಸುತ್ತಿತ್ತು.

ಮೌಖಿಕ ಪರೀಕ್ಷೆಗೆ ಬೇರೆ ಊರಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಹಾಳೆಗಳನ್ನು ತಿರುವಿ, ಮೂಲ ಅಂತ್ಯ ಯಾಕಿಲ್ಲ ಎಂದು ನೇರ ಅದಕ್ಕೇ ಕೈ ಹಾಕಿದರು. ನಮ್ಮ ಮನೆಯಲ್ಲಿ ಯಾರೂ ಎಚ್ಚರವಿರಲಿಲ್ಲ ಎಂದೆ. ಹಾಗಾದರೆ ಈ ಕಥೆ ಉಳಿದದ್ದು ಹೇಗೆ ಎಂದರು. ಮುಗಿಯದೆ ಇದ್ದದ್ದಕ್ಕೆ ಎಂದೆ. ಅದು ಬುದ್ಧಿವಂತಿಕೆಯ ಉತ್ತರ ಎಂದು ನಾನು ಅಂದುಕೊಂಡಿರಲಿಲ್ಲ. ಬೇರೆ ಉತ್ತರ ಇರಲಿಲ್ಲ ಅಷ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಹೂಂ ಎಂದರೇನು ಎಂದು ಇನ್ನೊಂದು ಪುಟ ಬರೆದು ಸೇರಿಸು ಎಂದರು. ಹೊರಗೆ ಬಂದ ಮೇಲೆ ಹೆಲೆನ್ ಮೇಡಂ ಕೈ ಕುಲುಕಿ, ನೀನು ಪಾಸಾದೆ ಎಂದರು. ಡಿಗ್ರಿ ಸಿಗುವುದೆಂದರೆ ಇಷ್ಟೇ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮತ್ತೆ ಊರು

ಸಿಂಧನೂರಿನಲ್ಲಿ ಬಸ್ಸಿಳಿದಾಗ ಖಾಜಾ ನಿಂತಿದ್ದ. ಬ್ಯಾಂಡು ಇರಲಿಲ್ಲ, ಮದುವೆಯ ಕಾಲ, ಅವರಿಗೆ ಪುರಸೊತ್ತಿರಲಿಲ್ಲ. ಅಷ್ಟು ದೂರ ಹೋಗಿ ಕೊನೆಗೆ ಏನು ಕಲಿತು ಬಂದೆ ಎಂದು ಕೇಳಿದ. ಹೂಂ ಅನ್ನುವುದರ ಬಗ್ಗೆ ಎಂದೆ.

"ಅದಕ್ಕ ಅಷ್ಟು ದೂರ ಯಾಕ ಹೋದಿ ಮಾರಾಯ? ಲಗ್ನ ಆದಾಗಿಂದ ನಾ ಅದನ್ನ ಮಾಡಾಕತ್ತೀನಿ," ಅಂದ.

ಮರುದಿನ ತುರ್ವಿಹಾಳಕ್ಕೆ ಹೋದೆ. ದೊಡ್ಡವ್ವ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ನಾನು ತಂದ ಉಣ್ಣೆಯ ಶಾಲನ್ನು ಆ ಬಿಸಿಲಿನಲ್ಲಿ ಮುಟ್ಟಿ ನೋಡಿ, ದನಕ್ಕೆ ಹೊದಿಸಿದರೂ ತಡೆಯಲಾರದು ಎಂದು ಪಕ್ಕಕ್ಕಿಟ್ಟಳು. ಆಮೇಲೆ ನಾನು, ಬಾವಿಯ ಕಥೆ ಹೇಳುತ್ತೇನೆ, ನೀನು ಹೂಂ ಅನ್ನು ಎಂದೆ. ಅವಳಿಗೆ ತಮಾಷೆ ಎನಿಸಿತು. ಮೊರ ನಿಲ್ಲಿಸದೆ ಹೂಂ ಅನ್ನುತ್ತಾ ಹೋದಳು. ಹೇಳುತ್ತಾ ಹೇಳುತ್ತಾ ನನಗೆ ಧೈರ್ಯ ಬಂತು. ಒಂದು ಹೂಂ ಹಿಂದಿದ್ದರೆ ನನ್ನಂಥವನೂ ಕಥೆ ಹೇಳಬಲ್ಲ. ಎರಡನೆಯ ಸಲ ಹಗ್ಗ ಅಲ್ಲಾಡಿತು. ನಾನು ನಿಲ್ಲದೆ ಮುಂದೆ ಹೋದೆ. ಸೂಪನ್ನು ಸಾರು ಮಾಡಿ, ಐಲ್ಸಾ ಹೇಳಿದ ಹಾಗೆಯೇ ಕೊಡವನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದೆ. ಮಗಳು ಕೆಳಗೇ ಉಳಿದಳು ಎಂದೆ.

"ಹೂಂ," ಅಂದಳು ದೊಡ್ಡವ್ವ.

ಅಷ್ಟೇ, ಮುಗಿಯಿತು ಎಂದೆ. ಮೊರ ನಿಂತಿತು. ಇದನ್ನು ಮುಗಿಸಿದವರು ಯಾರು ಎಂದು ಕೇಳಿದಳು. ಆ ಊರಿನ ಒಂಬತ್ತು ವರ್ಷದ ಒಂದು ಹುಡುಗಿ ಎಂದೆ. ಸಣ್ಣ ಹುಡುಗಿ, ಬಾವಿಯ ಕೆಳಗಿನದಷ್ಟೇ ಗೊತ್ತು ಅವಳಿಗೆ, ಮೇಲಿನದು ಗೊತ್ತಿಲ್ಲ ಎಂದಳು. ಮತ್ತೆ ಮೊರ ಎತ್ತಿಕೊಂಡು ತಾನೇ ಶುರು ಮಾಡಿದಳು.

"ಮ್ಯಾಲ ಅವ್ವ ಕೊಡ ಮುಟ್ಟಿ ನೋಡಿದ್ಲು. ಬಿಸಿ ಇತ್ತು. ಮಗಳು ಉಂಡಾಳ ಅಂತ ತಿಳೀತು. ಕೊಡ ತೊಳದು, ಅದ್ರಾಗ ನಾಕು ರೊಟ್ಟಿ ಇಟ್ಟು ಮತ್ತ ಇಳಿಬಿಟ್ಲು. ಖಾಲಿ ಕಳಿಸಬಾರದಲ್ಲ."

"ಹೂಂ."

"ಕೆಳಗ ಮಗಳು ರೊಟ್ಟಿ ತಗೊಂಡು, ಅಕ್ಕಿ ತುಂಬಿ ಕಳಿಸಿದ್ಲು. ಮ್ಯಾಲಿನ ಊರಾಗ ಅಕ್ಕಿ ಎಲ್ಲಿಂದ ಬರಬೇಕು?"

ಇಲ್ಲಿಗೆ ಬರುವಷ್ಟರಲ್ಲಿ ನನಗೆ ತಿಳಿಯಿತು. ಗುರುಗುಂಟಾದಿಂದ ಅವಳ ತಾಯಿ ಈ ಕಡೆ ಬರುವ ಯಾರ ಕೈಯಲ್ಲಾದರೂ ಒಂದು ಡಬ್ಬಿ ರೊಟ್ಟಿ ಕಳಿಸುತ್ತಿದ್ದಳು. ಇವಳು ಅದೇ ಡಬ್ಬಿಯಲ್ಲಿ ನಮ್ಮೂರ ಕಾಲುವೆ ನೀರಿನ ಅಕ್ಕಿ ತುಂಬಿ ವಾಪಸು ಕಳಿಸುತ್ತಿದ್ದಳು. ಆ ಡಬ್ಬಿಯನ್ನು ಬಸ್ಸಿನಿಂದ ಇಳಿಸಿಕೊಂಡು ಬರುವ ಕೆಲಸ ನನ್ನದೇ ಆಗಿತ್ತು. ದಾರಿಯಲ್ಲಿ ಒಂದು ರೊಟ್ಟಿ ತಿಂದು ಮುಗಿಸುತ್ತಿದ್ದುದು ಬಿಟ್ಟರೆ ಅದರ ಬಗ್ಗೆ ನಾನು ಯಾವತ್ತೂ ಯೋಚಿಸಿದವನಲ್ಲ. ಒಂದು ವರ್ಷ ಡಬ್ಬಿ ಬರುವುದು ನಿಂತಿತು. ನಾವು ಮಕ್ಕಳು ಯಾಕೆಂದು ಕೇಳಲೂ ಇಲ್ಲ.

"ಹೂಂ," ಅಂದೆ.

"ಹಂಗ ಕೊಡ ಏರಿತು, ಇಳೀತು. ಮಕ ನೋಡಿಲ್ಲ, ಮಾತಾಡಿಲ್ಲ, ಕೊಡ ಒಂದ. ಒಂದಿನ ಹಗ್ಗ ಅಲ್ಲಾಡ್ಲಿಲ್ಲ. ಮಗಳು ಭಾಳ ಹೊತ್ತು ನಿಂತು ನೋಡಿದ್ಲು. ಆಮ್ಯಾಲ ತಾನ ಹಗ್ಗ ಹಿಡದು ಎಳದ್ಲು. ಮ್ಯಾಲ ಹಿಡಕೊಂಡಾಕಿ ಇರ್ಲಿಲ್ಲ. ಪೂರಾ ಹಗ್ಗ ಕೆಳಗ ಬಂತು."

ನನ್ನ ಬಾಯಿಂದ ಹೂಂ ಬರಲಿಲ್ಲ. ದೊಡ್ಡವ್ವ ಕಾದಳು. ಹೂಂ ಇಲ್ಲದೆ ಆಕೆ ಒಂದು ಮಾತನ್ನೂ ಮುಂದೆ ಹೇಳಿದವಳಲ್ಲ. ಆದರೆ ಆ ದಿನ ಹೇಳಿದಳು.

"ಹಗ್ಗ ಸುತ್ತಿ ಮೂಲ್ಯಾಗ ಇಟ್ಲು. ಒಲಿ ಹಚ್ಚಿದ್ಲು. ಅಷ್ಟ."

ಮೊರದಿಂದ ತಲೆ ಎತ್ತಿ ನನ್ನ ಕಡೆ ನೋಡಿದಳು.

"ಮಕ್ಕೊಂಡ್ಯೇನು?"

"ಇಲ್ಲ ದೊಡ್ಡವ್ವ, ಎಚ್ಚರದೀನಿ," ಅಂದೆ.